ರನ್‌ವೇ ಅಂಚಿನ ಮಾತು: ‘ಅನುಮತಿ’, ‘ಆಯ್ತು’, ‘ಮುಂದೆ ನಿಲ್ಲಿ’ ಎಂಬ ಬಳಕೆಗಳ ಬಗ್ಗೆ

ಮಾನ್ಯರೇ,

ವಿಮಾನಗಳು ನೆಲದ ಮೇಲೆ ಚಲಿಸುತ್ತಿರುವಾಗ ಪೈಲಟ್‌ಗಳಿಗೂ ವಾಯು ಸಂಚಾರ ನಿಯಂತ್ರಕರಿಗೂ ನಡುವೆ ಮಾತು ತಪ್ಪಾಗಿ ಅರ್ಥವಾಗಿ ಸಂಭವಿಸಿದ ದುರಂತಗಳ ಬಗ್ಗೆ ಕನ್ನಡ ಮಾಸಪತ್ರಿಕೆಯೊಂದಕ್ಕೆ ದೀರ್ಘ ಲೇಖನವನ್ನು ಸಿದ್ಧಪಡಿಸುತ್ತಿದ್ದೇನೆ. ತಾಂತ್ರಿಕ ವಿವರಗಳನ್ನು ಕನ್ನಡಕ್ಕೆ ತರುವುದು ಅಷ್ಟೇನೂ ಕಷ್ಟವಾಗಲಿಲ್ಲ. ಕಷ್ಟವಾಗಿರುವುದು ರೇಡಿಯೊದಲ್ಲಿ ಆಡಿದ ಪುಟ್ಟ ಪುಟ್ಟ ಮಾತುಗಳನ್ನು ತರುವುದು. ಇಂಗ್ಲಿಷಿನ ಯಾವ ಎರಡು ಮಾತುಗಳು ಒಂದರಂತೆ ಒಂದು ಕೇಳಿಸಿ ಜನ ಸತ್ತರೋ ಆ ಎರಡನ್ನೂ ಕನ್ನಡದಲ್ಲಿ ನಾವು ಒಂದೇ ಶಬ್ದದಿಂದ ಹೇಳಿಬಿಡುತ್ತೇವೆ. ಹಾಗೆ ಹೇಳಿದಾಗ ದುರಂತ ಯಾಕೆ ಆಯಿತೆಂಬುದೇ ಓದುಗರಿಗೆ ಕಾಣದೆ ಹೋಗುತ್ತದೆ. ಆದ್ದರಿಂದ ಕೆಲವು ಪದಗಳ ಬಗ್ಗೆ ನನ್ನ ಯೋಚನೆಯನ್ನು ಉದಾಹರಣೆಗಳ ಸಮೇತ ಮುಂದಿಟ್ಟು ತಮ್ಮ ಅಭಿಪ್ರಾಯವನ್ನು ಕೇಳುತ್ತಿದ್ದೇನೆ.

‘ರನ್‌ವೇ’, ‘ಟ್ಯಾಕ್ಸಿವೇ’ (ರನ್‌ವೇಗೆ ಹೋಗಿಬರುವ ದಾರಿ), ‘ಟೇಕಾಫ್’, ‘ಪೈಲಟ್’ ಇವುಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ವಿಮಾನವು ತನ್ನ ಎಂಜಿನ್ನಿನ ಬಲದಿಂದಲೇ ನೆಲದ ಮೇಲೆ ನಿಧಾನವಾಗಿ ಸಾಗುವುದಕ್ಕೆ ‘ಟ್ಯಾಕ್ಸಿ ಮಾಡು’ ಎಂದರೆ ಬಾಡಿಗೆ ಕಾರಿನ ನೆನಪಾಗುವುದೆಂಬ ಆಕ್ಷೇಪ ಬರಬಹುದು. ಆದರೆ ಒಮ್ಮೆ ವಿವರಿಸಿದರೆ ಸಾಕು, ಮುಂದೆ ತೊಡಕಿರುವುದಿಲ್ಲ. ಇದರಲ್ಲಿ ಚರ್ಚೆ ಬೆಳೆಸುವಷ್ಟು ವಿಷಯವಿಲ್ಲ.

ಮೊದಲನೆಯ ತೊಡಕು ‘ಅನುಮತಿ’ ಎಂಬುದರದು. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳಲ್ಲಿ ಒಂದಾದ ಟೆನೆರಿಫೆಯ ಲೊಸ್ ರೊಡೆಯೊಸ್ ವಿಮಾನ ನಿಲ್ದಾಣದಲ್ಲಿ ನೆದರ್ಲೆಂಡ್ಸ್‌ನ ಕೆಎಲ್‌ಎಂ ಮತ್ತು ಅಮೆರಿಕದ ಪ್ಯಾನ್ ಆಮ್ ಸಂಸ್ಥೆಗಳ ಎರಡು ಬೋಯಿಂಗ್ 747 ವಿಮಾನಗಳು ರನ್‌ವೇ ಮೇಲೆಯೇ ಡಿಕ್ಕಿಯಾಗಿ 583 ಮಂದಿ ಸತ್ತರು. ಪಕ್ಕದ ಗ್ರಾನ್ ಕ್ಯಾನರಿ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದಿದ್ದರಿಂದ ಅನೇಕ ವಿಮಾನಗಳನ್ನು ಈ ಸಣ್ಣ ನಿಲ್ದಾಣಕ್ಕೆ ಕಳಿಸಲಾಗಿತ್ತು. ಟ್ಯಾಕ್ಸಿವೇ ತುಂಬ ಅವು ನಿಂತಿದ್ದರಿಂದ ಹೊರಡುವ ವಿಮಾನಗಳು ರನ್‌ವೇ ಮೇಲೆಯೇ ಟೇಕಾಫ್‌ಗೆ ವಿರುದ್ಧವಾದ ದಿಕ್ಕಿನಲ್ಲಿ ಸಾಗಿ ಅದರ ಕೊನೆಯನ್ನು ತಲುಪಬೇಕಾಗಿತ್ತು. ಕೆಎಲ್‌ಎಂ ವಿಮಾನ ಹಾಗೆ ಸಾಗಿ ಕೊನೆಯಲ್ಲಿ ತಿರುಗಿ ನಿಂತಿತ್ತು. ಪ್ಯಾನ್ ಆಮ್ ವಿಮಾನ ಅದರ ಹಿಂದೆಯೇ ಅದೇ ರನ್‌ವೇ ಮೇಲೆ ಬರುತ್ತಿತ್ತು. ದಟ್ಟ ಮಂಜಿನಿಂದಾಗಿ ಒಂದು ವಿಮಾನದವರಿಗೆ ಇನ್ನೊಂದು ಕಾಣುತ್ತಿರಲಿಲ್ಲ, ನಿಯಂತ್ರಕರಿಗೆ ಎರಡೂ ಕಾಣುತ್ತಿರಲಿಲ್ಲ. ಎಲ್ಲರ ಕೈಯಲ್ಲಿದ್ದದ್ದು ಮಾತೊಂದೇ.

ಕೆಎಲ್‌ಎಂ ಸಹಪೈಲಟ್ ನಿಯಂತ್ರಕರನ್ನು ಕರೆದು, ನಾವು ಟೇಕಾಫ್‌ಗೆ ಸಿದ್ಧರಿದ್ದೇವೆ, ನಮ್ಮ ಎಟಿಸಿ (ವಾಯು ಸಂಚಾರ ನಿಯಂತ್ರಣ) ಕ್ಲಿಯರೆನ್ಸ್‌ಗೆ ಕಾಯುತ್ತಿದ್ದೇವೆ ಎಂದು ಒಂದೇ ಉಸಿರಿನಲ್ಲಿ ಎರಡು ಸಂಗತಿಗಳನ್ನು ಹೇಳಿದರು. ಬಂದ ಉತ್ತರ ಎರಡನೆಯದಕ್ಕೆ ಮಾತ್ರ ಸಂಬಂಧಿಸಿದ್ದು: ಹಾರಿದ ಮೇಲೆ ಯಾವ ಎತ್ತರಕ್ಕೆ ಏರಬೇಕು, ಯಾವ ಕಡೆಗೆ ತಿರುಗಬೇಕು ಎಂಬ ಮಾರ್ಗದ ವಿವರ. ಆ ಉತ್ತರ ‘ಯು ಆರ್ ಕ್ಲಿಯರ್ಡ್’ ಎಂದು ಆರಂಭವಾಗುತ್ತದೆ, ನಡುವೆ ‘ಟೇಕಾಫ್ ಆದ ಮೇಲೆ ಬಲಕ್ಕೆ’ ಎಂಬ ಮಾತೂ ಬರುತ್ತದೆ. ಆದರೆ ಟೇಕಾಫ್ ಮಾಡಿ ಎಂದು ಅದರಲ್ಲಿ ಎಲ್ಲಿಯೂ ಇಲ್ಲ. ಮಾರ್ಗದ ಕ್ಲಿಯರೆನ್ಸ್ ಬೇರೆ, ನೆಲ ಬಿಡುವುದಕ್ಕೆ ಕೊಡುವ ಕ್ಲಿಯರೆನ್ಸ್ ಬೇರೆ. ಮೊದಲನೆಯದನ್ನು ಪಡೆದವರು ಎರಡನೆಯದಕ್ಕೆ ಕಾಯಲೇಬೇಕು.

ಇದನ್ನು ಕನ್ನಡದಲ್ಲಿ ‘ಅನುಮತಿ ಸಿಕ್ಕಿತೆಂದು ಭಾವಿಸಿ ಹೊರಟರು’ ಎಂದು ಬರೆದರೆ, ಇಲ್ಲದ ಅನುಮತಿಯನ್ನು ಕ್ಯಾಪ್ಟನ್ ಕಲ್ಪಿಸಿಕೊಂಡರೆಂದು ಓದುಗರು ತಿಳಿಯುತ್ತಾರೆ. ಅನುಮತಿಯೊಂದು ಸಿಕ್ಕಿದ್ದು ನಿಜ, ಅದು ಬೇರೆಯದಕ್ಕೆ ಎಂಬುದೇ ಈ ಘಟನೆಯ ತಿರುಳು. ಹಾಗಾಗಿ ಮಾರ್ಗ, ಎತ್ತರಗಳನ್ನು ತಿಳಿಸುವ ಸಂದೇಶಕ್ಕೆ ‘ಮಾರ್ಗಾನುಮತಿ’ ಎಂದೂ ಇನ್ನೊಂದಕ್ಕೆ ‘ಟೇಕಾಫ್ ಅಪ್ಪಣೆ’ ಎಂದೂ ಬಳಸಬೇಕೆಂದಿದ್ದೇನೆ. ‘ಅಪ್ಪಣೆ’ ಎಂಬುದು ಅರಮನೆಯ ಕಾಲದ್ದೆಂದು ಕೆಲವರಿಗೆ ಅನಿಸಬಹುದು. ಆದರೆ ‘ಅಪ್ಪಣೆ ಇಲ್ಲದೆ ಒಳಗೆ ಹೋಗಬೇಡ’ ಎಂಬಲ್ಲಿ ಅದು ಈಗಲೂ ಜೀವಂತವಾಗಿದೆ, ಅದರ ಖಚಿತತೆಯೂ ನಮಗೆ ಬೇಕಾದದ್ದೇ. ‘ಮಾರ್ಗಾನುಮತಿ’ಗಿಂತ ಸರಳವಾದದ್ದು ಹೊಳೆದರೆ ದಯವಿಟ್ಟು ತಿಳಿಸಿ. ‘ಮಾರ್ಗಸೂಚಿ’ ಎಂಬುದನ್ನು ಸರ್ಕಾರಿ ಕನ್ನಡ ಈಗಾಗಲೇ ಬೇರೆ ಕೆಲಸಕ್ಕೆ ತೆಗೆದುಕೊಂಡಿದೆ.

‘ಕ್ಲಿಯರ್’ ಎಂಬುದಕ್ಕೆ ಇನ್ನೊಂದು ಮುಖವೂ ಇದೆ. ನಿಯಂತ್ರಕರು ಪ್ಯಾನ್ ಆಮ್ ವಿಮಾನಕ್ಕೆ ರನ್‌ವೇ ‘ಕ್ಲಿಯರ್’ ಆದಾಗ ತಿಳಿಸಿ ಎಂದರು. ಇಲ್ಲಿ ಅದರ ಅರ್ಥ ಬಿಟ್ಟುಕೊಡುವುದು, ಖಾಲಿ ಮಾಡುವುದು. ಒಂದೇ ರೇಡಿಯೊದಲ್ಲಿ ಕೆಲವೇ ಸೆಕೆಂಡುಗಳ ಅಂತರದಲ್ಲಿ ಒಂದೇ ಶಬ್ದ ಒಬ್ಬರಿಗೆ ಅನುಮತಿಯಾಗಿ, ಇನ್ನೊಬ್ಬರಿಗೆ ಖಾಲಿ ಮಾಡುವುದಾಗಿ ಬಳಕೆಯಾಯಿತು. ಕನ್ನಡಕ್ಕೆ ಇಲ್ಲಿ ಅನುಕೂಲವಿದೆ. ಖಾಲಿಯಾಗುವುದಕ್ಕೆ ‘ತೆರವು’ ಎಂಬ ಒಳ್ಳೆಯ ಶಬ್ದವಿದ್ದು, ಅದು ಅನುಮತಿಯೊಡನೆ ಎಂದೂ ಬೆರೆಯುವುದಿಲ್ಲ. ರೈಲ್ವೆಯವರ ‘ಲೈನ್ ಕ್ಲಿಯರ್’ ಮಾತ್ರ ನಮ್ಮಲ್ಲಿಯೂ ಎರಡನ್ನೂ ಒಟ್ಟಿಗೆ ಹೊತ್ತಿದೆ: ಹಳಿ ಖಾಲಿಯಿದೆ ಎಂಬುದು ಮತ್ತು ಆದ್ದರಿಂದ ಗಾಡಿ ಬಿಡಬಹುದು ಎಂಬುದು. ಅಲ್ಲಿ ಖಾಲಿಯಿರುವುದನ್ನು ಖಾತರಿ ಮಾಡಿಕೊಳ್ಳದೆ ಬಿಡುವಂತಿಲ್ಲದ ಯಂತ್ರವ್ಯವಸ್ಥೆಯೇ ಇರುವುದರಿಂದ ತೊಂದರೆಯಿಲ್ಲ. ರನ್‌ವೇ ವಿಷಯದಲ್ಲಿ ‘ಕ್ಲಿಯರ್’ ಶಬ್ದವನ್ನು ಕನ್ನಡದಲ್ಲಿ ಬಳಸದಿರುವುದೇ ವಾಸಿ.

ಇನ್ನು ಬಹಳ ಚರ್ಚೆಗೆ ಒಳಗಾದ ವಾಕ್ಯ. ಮಾರ್ಗಾನುಮತಿಯನ್ನು ತಿರುಗಿ ಹೇಳಿದ ಸಹಪೈಲಟ್ ಕೊನೆಯಲ್ಲಿ ‘ವಿ ಆರ್ ನೌ ಅಟ್ ಟೇಕಾಫ್’ ಎಂದು ಸೇರಿಸಿದರು. ನಿಯಂತ್ರಕರಿಗೆ ಅದು ‘ಟೇಕಾಫ್ ಆರಂಭಿಸುವ ಜಾಗದಲ್ಲಿ ನಿಂತಿದ್ದೇವೆ’ ಎಂದು ಕೇಳಿಸಿತು. ಆದರೆ ಆಗ ವಿಮಾನ ಓಡಲಾರಂಭಿಸಿತ್ತು. ಡಚ್ ಭಾಷೆಯಲ್ಲಿ ನಡೆಯುತ್ತಿರುವ ಕ್ರಿಯೆಯನ್ನು ಹೇಳಲು, ಸ್ಥಳವನ್ನು ಸೂಚಿಸುವ ‘ಆನ್’ ಎಂಬ ಶಬ್ದವನ್ನು ಕ್ರಿಯಾಪದಕ್ಕೆ ಮೊದಲು ಇಡುವ ರೂಢಿಯಿದೆ. ಆ ರೂಢಿ ಅವರ ಇಂಗ್ಲಿಷಿನೊಳಗೆ ನುಸುಳಿತೆಂದು ಭಾಷಾತಜ್ಞರು ವಿವರಿಸಿದ್ದಾರೆ.

ಇದನ್ನು ಕನ್ನಡಕ್ಕೆ ತರುವಾಗ ನನಗೆ ಆಶ್ಚರ್ಯವಾದದ್ದೆಂದರೆ, ನಮ್ಮ ಸಪ್ತಮೀ ವಿಭಕ್ತಿ ಇದೇ ಸಂದಿಗ್ಧವನ್ನು ಇದ್ದದ್ದು ಇದ್ದಂತೆ ಹಿಡಿದುಕೊಡುತ್ತದೆ. ‘ಸಾಹೇಬರು ಬಾಗಿಲಲ್ಲಿದ್ದಾರೆ’ ಎಂದರೆ ಜಾಗ. ‘ಸಾಹೇಬರು ಊಟದಲ್ಲಿದ್ದಾರೆ’ ಎಂದರೆ ಊಟ ನಡೆಯುತ್ತಿದೆ ಎಂದು. ಹಾಗಾದರೆ ‘ನಾವೀಗ ಟೇಕಾಫ್‌ನಲ್ಲಿದ್ದೇವೆ’ ಎಂದರೆ ಯಾವುದು? ಎರಡೂ ಆಗಬಹುದು. ಹಾಗಾಗಿ ಈ ವಾಕ್ಯವನ್ನು ‘ಟೇಕಾಫ್ ಮಾಡುತ್ತಿದ್ದೇವೆ’ ಎಂದೋ ‘ಟೇಕಾಫ್ ಜಾಗದಲ್ಲಿದ್ದೇವೆ’ ಎಂದೋ ಬಿಡಿಸಿ ಅನುವಾದಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಬಿಡಿಸಿದರೆ ಒಂದು ಪಕ್ಷವನ್ನು ತಪ್ಪಿತಸ್ಥರೆಂದು ನಾವೇ ತೀರ್ಮಾನಿಸಿದಂತಾಗುತ್ತದೆ. ಬೇರೆ ಭಾಷೆಯ ಮೂಲಕ ಬಂದ ಸಂದಿಗ್ಧವೊಂದು ಕನ್ನಡದ ವಿಭಕ್ತಿಯಲ್ಲಿ ತಾನಾಗಿ ಉಳಿಯುವುದು ಅಪರೂಪ. ಅದನ್ನು ಕಳೆದುಕೊಳ್ಳಬಾರದು.

ಆ ವಾಕ್ಯಕ್ಕೆ ನಿಯಂತ್ರಕರು ಕೊಟ್ಟ ಉತ್ತರ ‘ಓಕೆ’. ಒಂದೆರಡು ಸೆಕೆಂಡುಗಳ ಮೌನದ ನಂತರ ‘ಟೇಕಾಫ್‌ಗೆ ಕಾದಿರಿ, ನಾನೇ ಕರೆಯುತ್ತೇನೆ’ ಎಂದರು. ಅದೇ ಹೊತ್ತಿಗೆ ಪ್ಯಾನ್ ಆಮ್‌ನವರು ಗಾಬರಿಯಾಗಿ, ನಾವಿನ್ನೂ ರನ್‌ವೇ ಮೇಲೆ ಟ್ಯಾಕ್ಸಿ ಮಾಡುತ್ತಿದ್ದೇವೆ ಎಂದು ಕೂಗಿದರು. ಒಂದೇ ತರಂಗಾಂತರದಲ್ಲಿ ಇಬ್ಬರು ಒಮ್ಮೆಲೇ ಮಾತನಾಡಿದರೆ ಎರಡೂ ಮಾತುಗಳು ಕಲಸಿ ಕೀರಲು ಸದ್ದಾಗುತ್ತದೆ. ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು ‘ಓಕೆ’ ಒಂದೇ. ಉಳಿದ ಎರಡು ಎಚ್ಚರಿಕೆಗಳೂ ಆ ಕೀರಲಿನಲ್ಲಿ ಹೂತುಹೋದವು.

ಈ ‘ಓಕೆ’ಗೆ ಕನ್ನಡದಲ್ಲಿ ಸಹಜವಾಗಿ ಬರುವುದು ‘ಆಯ್ತು’. ನಾನು ಮುಖ್ಯವಾಗಿ ಕೇಳಬೇಕೆಂದಿರುವುದು ಇದರ ಬಗ್ಗೆಯೇ. ‘ಆಯ್ತು’ ಎಂಬುದು ಭೂತಕಾಲದ ರೂಪ. ಆದರೂ ಇನ್ನೂ ಆಗದಿರುವುದಕ್ಕೆ ಒಪ್ಪಿಗೆಯಾಗಿ ನಾವು ಅದನ್ನು ದಿನವೂ ಬಳಸುತ್ತೇವೆ. ‘ನಾಳೆ ಬೇಗ ಬಾ’ ಎಂದರೆ ‘ಆಯ್ತು’ ಎನ್ನುತ್ತೇವೆ. ‘ಊಟ ಆಯ್ತಾ’ ಎಂದರೂ ‘ಆಯ್ತು’ ಎನ್ನುತ್ತೇವೆ. ಫೋನಿನಲ್ಲಿ ಯಾರೋ ಏನನ್ನೋ ಹೇಳುತ್ತಿದ್ದರೆ, ಕೇಳಿಸುತ್ತಿದೆ ಎಂದು ತಿಳಿಸಲಿಕ್ಕೂ ‘ಆಯ್ತು, ಆಯ್ತು’ ಎನ್ನುತ್ತೇವೆ. ಕೇಳಿಸಿತು, ಒಪ್ಪಿದೆ, ಮಾಡುತ್ತೇನೆ, ಮಾಡಿ ಮುಗಿಸಿದೆ ಎಂಬ ನಾಲ್ಕೂ ಅರ್ಥಗಳು ಅದರೊಳಗಿವೆ. ಮುಖ ಕಾಣುವಾಗ, ಸಂದರ್ಭ ಗೊತ್ತಿರುವಾಗ ಇದು ಭಾಷೆಯ ಸೊಗಸು. ‘ರನ್‌ವೇ ದಾಟಿ’ ಎಂದದ್ದಕ್ಕೆ ಮಂಜಿನೊಳಗಿಂದ ‘ಆಯ್ತು’ ಎಂದು ಬಂದರೆ, ದಾಟುತ್ತೇನೆ ಎಂದೋ, ದಾಟಿದ್ದು ಮುಗಿಯಿತು ಎಂದೋ?

ವಿಮಾನಯಾನದ ಇಂಗ್ಲಿಷಿನಲ್ಲಿ ಈ ಅರ್ಥಗಳನ್ನು ಬೇಕೆಂದೇ ಬೇರೆ ಬೇರೆ ಶಬ್ದಗಳಿಗೆ ಹಂಚಿದ್ದಾರೆ. ‘ರೋಜರ್’ ಎಂದರೆ ನೀವು ಹೇಳಿದ್ದೆಲ್ಲ ತಲುಪಿತು ಎಂದಷ್ಟೇ ಅರ್ಥ. ಒಪ್ಪಿದ್ದೇನೆ ಎಂದಲ್ಲ, ಹೌದು ಎಂದಂತೂ ಅಲ್ಲ. ‘ವಿಲ್ಕೊ’ ಎಂದರೆ ಅರ್ಥವಾಯಿತು, ಹಾಗೆಯೇ ಮಾಡುತ್ತೇನೆ. ‘ಅಫರ್ಮ್’ ಎಂದರೆ ಹೌದು. ಉದ್ದನೆಯ ‘ಅಫರ್ಮೆಟಿವ್’ ಎಂದರೆ ಅದರ ಬಾಲ ‘ನೆಗೆಟಿವ್’ನ ಬಾಲದಂತೆ ಕೇಳಿಸುವುದರಿಂದ ಅದನ್ನು ಮೊಟಕುಗೊಳಿಸಿದ್ದಾರೆ. ‘ಸ್ಟ್ಯಾಂಡ್ ಬೈ’ ಎಂದರೆ ಕಾಯಿರಿ, ನಾನೇ ಕರೆಯುತ್ತೇನೆ; ಅದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಇವಕ್ಕೆ ಕ್ರಮವಾಗಿ ‘ತಲುಪಿತು’, ‘ಹಾಗೇ ಮಾಡುವೆ’, ‘ಹೌದು’, ‘ಕಾದಿರಿ’ ಎಂದು ಬಳಸಿ, ಇಡೀ ಲೇಖನದಲ್ಲಿ ‘ಆಯ್ತು’ ಎಂಬುದನ್ನು ಟೆನೆರಿಫೆಯ ಆ ‘ಓಕೆ’ಗೆ ಮಾತ್ರ ಮೀಸಲಿಡಬೇಕೆಂದು ನನ್ನ ಎಣಿಕೆ. ಆಗ ಓದುಗರು ಆ ಒಂದು ಶಬ್ದವನ್ನು ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಕುಳಿತವರು ಕೇಳಿದಂತೆಯೇ ಕೇಳಬಲ್ಲರು. ‘ತಲುಪಿತು’ ಎಂಬುದು ರೇಡಿಯೊ ಮಾತಾಗಿ ಕಿವಿಗೆ ಒಗ್ಗುತ್ತದೆಯೇ, ಅಥವಾ ‘ಕೇಳಿಸಿತು’ ಮೇಲೇ? ‘ಕೇಳಿಸಿತು’ ಎಂದರೆ ಸದ್ದು ಕಿವಿಗೆ ಬಿತ್ತೆಂದಷ್ಟೇ ಆಗುವುದೆಂಬ ಸಂಶಯದಿಂದ ಅದನ್ನು ಬಿಟ್ಟಿದ್ದೇನೆ.

‘ಹೌದು’ ಎಂಬುದರಲ್ಲಿಯೂ ಒಂದು ದೊಡ್ಡ ಗುಂಡಿ ಇದೆ. ವಿಮಾನ ಓಡುತ್ತಿರುವಾಗ ಕೆಎಲ್‌ಎಂ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂದು, ಪ್ಯಾನ್ ಆಮ್ ವಿಮಾನ ಇನ್ನೂ ತೆರವು ಮಾಡಿಲ್ಲವೇ ಎಂದು ಡಚ್ಚಿನಲ್ಲಿ ಕೇಳಿದರು. ಕ್ಯಾಪ್ಟನ್ ಒತ್ತಿ ಹೇಳಿದ ಉತ್ತರ ‘ಯಾವೆಲ್’. ಇಂಗ್ಲಿಷ್ ಪಾಠಗಳಲ್ಲಿ ಅದು ‘ಓ, ಯೆಸ್’ ಎಂದಾಗಿದೆ. ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರು ‘ಓ, ಹೌದು’ ಎಂದು ಬರೆದರೆ ಅರ್ಥ ತಲೆಕೆಳಗಾಗುತ್ತದೆ. ‘ಅವರಿನ್ನೂ ತೆರವು ಮಾಡಿಲ್ಲವಾ?’ ಎಂಬುದಕ್ಕೆ ಕನ್ನಡದಲ್ಲಿ ‘ಹೌದು’ ಎಂದರೆ, ಹೌದು, ಮಾಡಿಲ್ಲ ಎಂದು. ಕ್ಯಾಪ್ಟನ್ ಹೇಳಿದ್ದು ಅದಕ್ಕೆ ನೇರ ವಿರುದ್ಧ: ಮಾಡಿದ್ದಾರೆ ಎಂದು. ಡಚ್ಚಿನ ಆ ಶಬ್ದ ನಿಷೇಧದ ಪ್ರಶ್ನೆಯನ್ನು ಅಲ್ಲಗಳೆಯುವುದಕ್ಕೆಂದೇ ಇರುವಂಥದ್ದು. ಕನ್ನಡದಲ್ಲಿ ಅದಕ್ಕೆ ಸರಿಯಾದ ದನಿ ‘ಮಾಡಿದ್ದಾರಲ್ಲ!’ ಎಂಬ ಅಲ್ಲಕಾರದಲ್ಲಿ ಸಿಗುತ್ತದೆ. ಕೇಳಿದವರ ಅನುಮಾನವನ್ನು ಒಂದೇ ಏಟಿಗೆ ಬದಿಗೊತ್ತುವ ಹಿರಿಯ ಅಧಿಕಾರಿಯ ಗತ್ತೂ ಅದರಲ್ಲಿ ಬರುತ್ತದೆ. ಆ ಮೇಲೆ ಅದರ ಬಗ್ಗೆ ಯಾರೂ ಮಾತೆತ್ತಲಿಲ್ಲ.

ಟೆನೆರಿಫೆಯ ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಎಡಕ್ಕೆ ಮೂರನೆಯ ಅಡ್ಡದಾರಿಯಲ್ಲಿ ರನ್‌ವೇ ಬಿಡಿ ಎಂದು ಪ್ಯಾನ್ ಆಮ್‌ಗೆ ಹೇಳಲಾಗಿತ್ತು. ಅವರಿಗೆ ಅದು ‘ಫಸ್ಟ್’ ಎಂದೋ ‘ಥರ್ಡ್’ ಎಂದೋ ಗೊತ್ತಾಗದೆ ಮತ್ತೆ ಕೇಳಿದರು. ನಿಯಂತ್ರಕರು ಒಂದು, ಎರಡು, ಮೂರು ಎಂದು ಎಣಿಸಿಯೇ ಹೇಳಿದರು. ಆದರೂ ಮೂರನೆಯ ದಾರಿ ಅಷ್ಟು ದೊಡ್ಡ ವಿಮಾನಕ್ಕೆ ಬಹಳ ಕಡಿದಾದ ತಿರುವಾಗಿದ್ದರಿಂದಲೂ ಮಂಜಿನಲ್ಲಿ ಗುರುತು ಸಿಗದಿದ್ದರಿಂದಲೂ ಅವರು ಅದನ್ನು ದಾಟಿ ನಾಲ್ಕನೆಯದರತ್ತ ಸಾಗುತ್ತಿದ್ದರು. ಕನ್ನಡದಲ್ಲಿ ‘ಮೊದಲನೆಯ’ ಮತ್ತು ‘ಮೂರನೆಯ’ ಎರಡೂ ಮಕಾರದಿಂದ ಆರಂಭವಾಗಿ ‘ನೆಯ’ ಎಂದೇ ಮುಗಿಯುವುದರಿಂದ ಆ ಗೊಂದಲವನ್ನು ಓದುಗರಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ. ಲೇಖನದಲ್ಲಿ ಮೂಲದ ಇಂಗ್ಲಿಷ್ ಶಬ್ದಗಳನ್ನು ಕೊಡದೆ ಕನ್ನಡದ ಎರಡು ಶಬ್ದಗಳನ್ನೇ ಕೊಟ್ಟಿದ್ದೇನೆ.

ಟೆನೆರಿಫೆಯ ನಂತರ ಬಂದ ನಿಯಮಗಳಲ್ಲಿ ಮುಖ್ಯವಾದದ್ದೆಂದರೆ, ‘ಟೇಕಾಫ್’ ಎಂಬ ಶಬ್ದವನ್ನು ಅದರ ಅಪ್ಪಣೆ ಕೊಡುವಾಗ ಅಥವಾ ಆ ಅಪ್ಪಣೆಯನ್ನು ಹಿಂಪಡೆಯುವಾಗ ಮಾತ್ರ ಉಚ್ಚರಿಸಬೇಕು; ಉಳಿದ ಕಡೆಗಳಲ್ಲಿ ‘ಡಿಪಾರ್ಚರ್’ ಎನ್ನಬೇಕು. ಕನ್ನಡ ಲೇಖನದಲ್ಲಿಯೂ ಇದನ್ನು ಪಾಲಿಸಬೇಕೆಂದು ತೀರ್ಮಾನಿಸಿ, ಎರಡನೆಯದಕ್ಕೆ ‘ನಿರ್ಗಮನ’ ಎಂದು ಬರೆದಿದ್ದೇನೆ. ಮತ್ತೊಂದು ನಿಯಮ: ರನ್‌ವೇಯನ್ನು ಪ್ರವೇಶಿಸುವುದು, ದಾಟುವುದು, ಅದರ ಹೊರಗೆ ನಿಲ್ಲುವುದು, ಅದರ ಮೇಲೆ ವಿರುದ್ಧ ದಿಕ್ಕಿನಲ್ಲಿ ಸಾಗುವುದು, ಟೇಕಾಫ್ ಮಾಡುವುದು, ಇಳಿಯುವುದು ಇವುಗಳಿಗೆ ಸಂಬಂಧಿಸಿದ ಯಾವ ಸೂಚನೆಯೇ ಬರಲಿ, ಪೈಲಟ್ ಅದನ್ನು ತಿರುಗಿ ಪೂರ್ತಿ ಹೇಳಬೇಕು, ನಿಯಂತ್ರಕರು ಕಿವಿಗೊಟ್ಟು ಕೇಳಿ ತಪ್ಪಿದ್ದರೆ ತಿದ್ದಬೇಕು.

‘ರೀಡ್‌ಬ್ಯಾಕ್’ ಎನ್ನುವ ಇದಕ್ಕೆ ‘ಮರುನುಡಿ’, ‘ಪುನರುಚ್ಚಾರ’ ಮುಂತಾದವನ್ನು ಯೋಚಿಸಿ ಬಿಟ್ಟಿದ್ದೇನೆ. ಅವುಗಳಲ್ಲಿ ಹೇಳುವವರು ಮಾತ್ರ ಇದ್ದಾರೆ, ಕೇಳಿ ತಿದ್ದುವವರಿಲ್ಲ. ನಮ್ಮ ‘ಒಪ್ಪಿಸು’ ಎಂಬುದರಲ್ಲಿ ಇಬ್ಬರೂ ಇದ್ದಾರೆ. ಪಾಠ ಒಪ್ಪಿಸುವುದು, ಮಗ್ಗಿ ಒಪ್ಪಿಸುವುದು ಎಂದರೆ ಎದುರಿಗೆ ಕೂತವರು ತಪ್ಪು ಹಿಡಿಯಲೆಂದೇ ಗಟ್ಟಿಯಾಗಿ ಹೇಳುವುದು.

ಆ ಎರಡನೆಯ ಪಾತ್ರ ಎಷ್ಟು ಮುಖ್ಯವೆಂಬುದಕ್ಕೆ 2001ರ ಅಕ್ಟೋಬರ್ 8ರಂದು ಇಟಲಿಯ ಮಿಲಾನ್ ನಗರದ ಲಿನಾತೆ ನಿಲ್ದಾಣದಲ್ಲಿ ನಡೆದದ್ದು ಸಾಕ್ಷಿ. ಅಂದೂ ದಟ್ಟ ಮಂಜು. ನೆಲದ ಮೇಲಿನ ಚಲನೆಯನ್ನು ತೋರಿಸುವ ರೇಡಾರ್ ಕೆಲಸ ಮಾಡುತ್ತಿರಲಿಲ್ಲ. ಸಣ್ಣ ಸೆಸ್ನಾ ಜೆಟ್ ಒಂದಕ್ಕೆ, ಆರ್5 ಎಂಬ ಟ್ಯಾಕ್ಸಿವೇ ಮೂಲಕ ಉತ್ತರಕ್ಕೆ ಸಾಗಿ, ಮುಖ್ಯ ರನ್‌ವೇ ‘ಎಕ್ಸ್‌ಟೆನ್ಶನ್’ನ ಸ್ಟಾಪ್ ಬಾರ್ (ನಿಲ್ಲಬೇಕಾದ ಕಡೆ ದಾರಿಗೆ ಅಡ್ಡಲಾಗಿರುವ ಕೆಂಪು ದೀಪಗಳ ಸಾಲು) ಬಳಿ ಕರೆಯಿರಿ ಎಂದು ಹೇಳಲಾಯಿತು. ಪೈಲಟ್ ಒಪ್ಪಿಸಿದ್ದು: ಆರ್5 ಮೂಲಕ ಹೋಗಿ, ಮುಖ್ಯ ರನ್‌ವೇ ತಲುಪುವ ಮೊದಲು ಕರೆಯುತ್ತೇನೆ. ‘ಎಕ್ಸ್‌ಟೆನ್ಶನ್’ ಎಂಬುದೂ ಸ್ಟಾಪ್ ಬಾರ್ ಎಂಬುದೂ ಬಿಟ್ಟುಹೋಗಿದ್ದವು. ಉತ್ತರದ ದಾರಿ ರನ್‌ವೇಯ ತುದಿಯಾಚೆಗಿನ ಮುಂದುವರಿಕೆಯ ಬಳಿಗೆ ಒಯ್ಯುತ್ತದೆ. ದಕ್ಷಿಣದ ಆರ್6 ನೇರವಾಗಿ ರನ್‌ವೇಗೇ ಒಯ್ಯುತ್ತದೆ. ಬಿಟ್ಟ ಶಬ್ದವನ್ನು ಯಾರೂ ಎತ್ತಿ ತೋರಿಸಲಿಲ್ಲ. ಸೆಸ್ನಾ ಆರ್6ಕ್ಕೆ ಹೊರಳಿತು. ಹೋಗುತ್ತ ಪೈಲಟ್ ‘ಎಸ್4’ ಎಂಬ ನೆಲದ ಗುರುತಿನ ಬಳಿ ಬರುತ್ತಿದ್ದೇನೆ ಎಂದು ತಾವಾಗಿ ತಿಳಿಸಿದರು. ಆ ಗುರುತು ನಿಲ್ದಾಣದ ನಕ್ಷೆಗಳಲ್ಲಿ ಇರಲಿಲ್ಲ, ನಿಯಂತ್ರಕರಿಗೂ ಅದರ ಪರಿಚಯವಿರಲಿಲ್ಲ. ತಪ್ಪು ದಾರಿಯಲ್ಲಿದ್ದೇನೆ ಎಂದು ಸಾರುತ್ತಿದ್ದ ಸಂದೇಶ ಕೇಳುವವರ ಪಾಲಿಗೆ ಅರ್ಥವಿಲ್ಲದ ಶಬ್ದವಾಯಿತು. ಮುಂದೆ ಸಾಗಿರೆಂಬ ಸೂಚನೆ ಬಂತು. ಸೆಸ್ನಾ ರನ್‌ವೇಗೆ ಕಾಲಿಟ್ಟಾಗ ಅಲ್ಲಿ ಎಸ್‌ಎಎಸ್ ಸಂಸ್ಥೆಯ ಎಂಡಿ-87 ವಿಮಾನ ಟೇಕಾಫ್ ಓಟದಲ್ಲಿತ್ತು. ಎರಡೂ ವಿಮಾನಗಳಲ್ಲಿದ್ದ ಎಲ್ಲರೂ, ನೆಲದ ಮೇಲಿದ್ದ ನಾಲ್ವರೂ ಸೇರಿ 118 ಮಂದಿ ಸತ್ತರು. ‘ಎಕ್ಸ್‌ಟೆನ್ಶನ್’ ಎಂಬುದಕ್ಕೆ ಇಲ್ಲಿ ‘ವಿಸ್ತರಣೆ’ ಎಂದರೆ ರನ್‌ವೇಯನ್ನು ಉದ್ದಗೊಳಿಸುವ ಕಾಮಗಾರಿ ಎಂಬ ಭಾವನೆ ಬರುತ್ತದೆ. ‘ರನ್‌ವೇ ಮುಂಚಾಚು’ ಎಂದು ಬರೆದಿದ್ದೇನೆ, ಆದರೆ ಪೂರ್ತಿ ಸಮಾಧಾನವಿಲ್ಲ.

‘ಹೋಲ್ಡ್ ಶಾರ್ಟ್ ಆಫ್ ರನ್‌ವೇ’ ಎಂಬುದು ನೆಲದ ಮೇಲಿನ ಸೂಚನೆಗಳಲ್ಲೆಲ್ಲ ಅತಿ ಮುಖ್ಯವಾದದ್ದು. ‘ಹೋಲ್ಡ್’ ಕನ್ನಡಿಗರಿಗೆ ಹೊಸದಲ್ಲ. ನಮ್ಮ ಬಸ್ ಕಂಡಕ್ಟರುಗಳ ಬಾಯಲ್ಲಿ ‘ಹೋಲ್ಡಾನ್’ ಎಂದರೆ ನಿಲ್ಲಿಸು, ‘ರೈಟ್’ ಎಂದರೆ ಹೊರಡು. ‘ಹೋಲ್ಡ್’ಗೆ ಇಂಗ್ಲಿಷಿನ ಸಾಮಾನ್ಯ ಬಳಕೆಯಲ್ಲಿ ಹಿಡಿದದ್ದನ್ನು ಬಿಡದೆ ಮುಂದುವರಿಸು ಎಂಬ ಅರ್ಥವೂ ಇರುವುದರಿಂದ ಆ ಭಾಷೆಯವರಲ್ಲಿಯೇ ಎಡವಿದವರಿದ್ದಾರೆ; ಕಂಡಕ್ಟರರ ‘ಹೋಲ್ಡಾನ್’ ಎಂದೂ ಹಾಗೆ ಇಬ್ಬಗೆಯಾಗಿಲ್ಲ. ನಮಗೆ ತೊಡಕು ಬರುವುದು ‘ಶಾರ್ಟ್’ ಎಂಬಲ್ಲಿ. ನಿಲ್ಲಬೇಕಾದ ಜಾಗವನ್ನು ಟ್ಯಾಕ್ಸಿವೇ ಅಡ್ಡಲಾಗಿ ಬಳಿದ ನಾಲ್ಕು ಹಳದಿ ಗೆರೆಗಳು ತೋರಿಸುತ್ತವೆ: ನಿಲ್ಲುವವರ ಕಡೆಗೆ ಎರಡು ತುಂಡಾಗದ ಗೆರೆಗಳು, ರನ್‌ವೇ ಕಡೆಗೆ ಎರಡು ತುಂಡು ಗೆರೆಗಳು. ತುಂಡಾಗದ ಗೆರೆಯನ್ನು ಅಪ್ಪಣೆಯಿಲ್ಲದೆ ದಾಟುವಂತಿಲ್ಲ. ರನ್‌ವೇಯಿಂದ ಹೊರಬರುವವರಿಗೆ ಮೊದಲು ಎದುರಾಗುವುದು ತುಂಡು ಗೆರೆಯಾದ್ದರಿಂದ ಅವರು ದಾಟಿ ಬರಬಹುದು. ಗೆರೆಯ ಭಾಷೆ ಇಷ್ಟು ಸ್ಪಷ್ಟವಾಗಿದೆ. ಇದನ್ನು ಮಾತಿನಲ್ಲಿ ಹೇಳುವುದು ಹೇಗೆ?

‘ರನ್‌ವೇವರೆಗೆ ಬಂದು ನಿಲ್ಲಿ’ ಎಂದರೆ ಆಗದು. ‘ಸೋಮವಾರದವರೆಗೆ ರಜೆ’ ಎಂದಾಗ ಸೋಮವಾರವೂ ಸೇರಿತೇ ಎಂದು ನಾವು ಪ್ರತಿ ಸಲವೂ ಕೇಳಬೇಕಾಗುತ್ತದೆ. ‘ರನ್‌ವೇ ಮುಂದೆ ನಿಲ್ಲಿ’ ಎಂದರೆ ಎದುರಿಗೆ ಎಂದೂ ಆಗುತ್ತದೆ, ದಾಟಿ ಮುಂದಕ್ಕೆ ಎಂದೂ ಆಗುತ್ತದೆ. ‘ರನ್‌ವೇ ಈಚೆಗೆ ನಿಲ್ಲಿ’ ಎಂಬುದು ಮೊದಲ ನೋಟಕ್ಕೆ ಚೆನ್ನಾಗಿದೆ. ಆದರೆ ಈಚೆ, ಆಚೆ ಎಂಬವು ಮಾತಾಡುವವರು ನಿಂತ ಕಡೆಯನ್ನು ಅವಲಂಬಿಸಿವೆ. ನಿಯಂತ್ರಣ ಗೋಪುರ ರನ್‌ವೇಯ ಇನ್ನೊಂದು ಪಕ್ಕದಲ್ಲಿದ್ದರೆ ನಿಯಂತ್ರಕರ ಈಚೆ ಪೈಲಟ್‌ಗೆ ಆಚೆಯಾಗುತ್ತದೆ. ಕೊನೆಗೆ ‘ರನ್‌ವೇ ಹೊರಗೇ ನಿಲ್ಲಿ’ ಎಂಬುದಕ್ಕೆ ಬಂದಿದ್ದೇನೆ. ಹೊರಗೆ ಎಂಬುದು ಯಾರು ಎಲ್ಲಿಂದ ನೋಡಿದರೂ ಹೊರಗೇ. ಆ ಏಕಾರ ಎಚ್ಚರಿಕೆಯನ್ನೂ ಸೇರಿಸುತ್ತದೆ. ನಿಲ್ಲುವ ಜಾಗಕ್ಕೆ, ಎಂದರೆ ‘ಹೋಲ್ಡಿಂಗ್ ಪಾಯಿಂಟ್’ ಎಂಬುದಕ್ಕೆ, ‘ತಡೆಗೆರೆ’ ಎಂದು ಬಳಸಿದ್ದೇನೆ.

ಇದರ ಪಕ್ಕದಲ್ಲಿಯೇ ‘ಲೈನ್ ಅಪ್ ಆ್ಯಂಡ್ ವೇಟ್’ ಎಂಬುದಿದೆ. ರನ್‌ವೇ ಒಳಗೆ ಬಂದು, ಅದರ ನಡುಗೆರೆಗೆ ಮೂತಿಯನ್ನು ಸರಿಹೊಂದಿಸಿ, ಟೇಕಾಫ್ ಅಪ್ಪಣೆಗೆ ಕಾಯಿರಿ ಎಂದು ಇದರ ಅರ್ಥ. ಅಮೆರಿಕದಲ್ಲಿ ಇದಕ್ಕೆ ‘ಪೊಸಿಶನ್ ಆ್ಯಂಡ್ ಹೋಲ್ಡ್’ ಎನ್ನುತ್ತಿದ್ದರು. ಬೇರೆ ದೇಶಗಳಲ್ಲಿ ರನ್‌ವೇ ಹೊರಗಿನ ಜಾಗಕ್ಕೇ ‘ಹೋಲ್ಡಿಂಗ್ ಪೊಸಿಶನ್’ ಎಂಬ ಹೆಸರಿದ್ದುದರಿಂದ, ಒಳಗೆ ಬನ್ನಿ ಎಂಬುದೂ ಹೊರಗೆ ನಿಲ್ಲಿ ಎಂಬುದೂ ಒಂದೇ ಥರ ಕೇಳಿಸುವ ಅಪಾಯವಿತ್ತು. 2010ರ ಸೆಪ್ಟೆಂಬರ್ 30ರಿಂದ ಅಮೆರಿಕವೂ ‘ಲೈನ್ ಅಪ್ ಆ್ಯಂಡ್ ವೇಟ್’ಗೆ ಬದಲಾಯಿತು. ಕನ್ನಡಕ್ಕೆ ತರುವಾಗ ‘ಸಾಲಿನಲ್ಲಿ ನಿಂತು ಕಾಯಿರಿ’ ಎಂದು ಬರೆದುಬಿಡುವುದು ಬಹಳ ಸುಲಭ. ಸಾಲು ಎಂದರೆ ನಮಗೆ ಸರದಿ, ಸರದಿ ಎಂದರೆ ಹೊರಗೆ ಕಾಯುವುದು. ಒಳಗೆ ಬನ್ನಿ ಎಂಬ ಸೂಚನೆ ಹೊರಗಿರಿ ಎಂದಾಗಿಬಿಡುತ್ತದೆ. ‘ರನ್‌ವೇಗೆ ಬಂದು ಕಾಯಿರಿ’ ಎಂಬುದೇ ಸರಿಯೆಂದು ನನ್ನ ಅಭಿಪ್ರಾಯ.

ಸರದಿಯ ಮಾತು 2024ರ ಜನವರಿ 2ರ ಟೋಕಿಯೊ ಹನೇಡಾ ಅಪಘಾತದಲ್ಲಿಯೂ ಬರುತ್ತದೆ. ನೋಟೊ ಭೂಕಂಪದ ಸಂತ್ರಸ್ತರಿಗೆ ನೆರವು ಒಯ್ಯಲಿದ್ದ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ನಿಯಂತ್ರಕರು ‘ನಂಬರ್ ಒನ್, ಹೋಲ್ಡಿಂಗ್ ಪಾಯಿಂಟ್ ಸಿ5ಗೆ ಟ್ಯಾಕ್ಸಿ ಮಾಡಿ’ ಎಂದರು. ಪೈಲಟ್ ಅದನ್ನು ತಪ್ಪಿಲ್ಲದೆ ಒಪ್ಪಿಸಿದರು. ಹಾಗಿದ್ದೂ ಆ ವಿಮಾನ ತಡೆಗೆರೆಯನ್ನು ದಾಟಿ ರನ್‌ವೇಗೆ ಬಂದು ಸುಮಾರು 40 ಸೆಕೆಂಡು ನಿಂತಿತು, ಅಷ್ಟರಲ್ಲಿ ಜಪಾನ್ ಏರ್‌ಲೈನ್ಸ್‌ನ ಎ350 ವಿಮಾನ ಅದರ ಮೇಲೆಯೇ ಇಳಿಯಿತು. ದೊಡ್ಡ ವಿಮಾನದ 379 ಮಂದಿಯೂ ಉರಿಯುವ ವಿಮಾನದಿಂದ ಹೊರಬಂದು ಬದುಕಿದರು. ಸಣ್ಣದರಲ್ಲಿದ್ದ ಆರು ಮಂದಿಯಲ್ಲಿ ಐವರು ಸತ್ತರು. ರನ್‌ವೇ ಪ್ರವೇಶಕ್ಕೆ ಅಪ್ಪಣೆಯಿದೆ ಎಂದೇ ತಿಳಿದಿದ್ದೆನೆಂದು ಬದುಕುಳಿದ ಕ್ಯಾಪ್ಟನ್ ಹೇಳಿದರು. ನಿರ್ಗಮನದ ಸರದಿಯಲ್ಲಿ ನೀವು ಮೊದಲಿಗರು ಎಂಬ ಮಾಹಿತಿ, ಮುನ್ನುಗ್ಗಲು ಸಿಕ್ಕ ಆದ್ಯತೆಯಂತೆ ಕೇಳಿಸಿರಬಹುದೆಂಬ ಕಾರಣಕ್ಕೆ ಜಪಾನ್ ಸರ್ಕಾರ ‘ನಂಬರ್ ಒನ್’ ಎಂಬ ಬಳಕೆಯನ್ನು ಆಗ ನಿಲ್ಲಿಸಿತು.

ಇದನ್ನು ‘ಮೊದಲು ನೀವು’ ಎಂದು ಅನುವಾದಿಸಿದರೆ ಕನ್ನಡದಲ್ಲಿ ಅದು ಬರೀ ಮಾಹಿತಿಯಲ್ಲ, ದಾರಿ ಬಿಟ್ಟುಕೊಡುವ ಉಪಚಾರದ ಮಾತು: ಮೊದಲು ನೀವು ಹೋಗಿ ಎಂದಂತೆ. ಮೂಲದಲ್ಲಿ ಮಸುಕಾಗಿದ್ದ ಆಹ್ವಾನ ನಮ್ಮಲ್ಲಿ ಢಾಳಾಗುತ್ತದೆ. ‘ನಿಮ್ಮದು ಮೊದಲ ಸರದಿ’ ಎಂದರೆ ಮಸುಕು ಮಸುಕಾಗಿಯೇ ಉಳಿಯುತ್ತದೆಂದು ತೋರುತ್ತದೆ, ಹಾಗೆಯೇ ಬರೆದಿದ್ದೇನೆ.

ಕೊನೆಯದಾಗಿ ಅಂಕಿಗಳ ವಿಷಯ. ರೇಡಿಯೊ ಇಂಗ್ಲಿಷಿನಲ್ಲಿ ಒಂಬತ್ತನ್ನು ‘ನೈನರ್’ ಎಂದೂ ಮೂರನ್ನು ‘ಟ್ರೀ’ ಎಂದೂ ಐದನ್ನು ‘ಫೈಫ್’ ಎಂದೂ ಉಚ್ಚರಿಸುವ ಪದ್ಧತಿಯಿದೆ. ಅಂಕಿಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತಾರೆ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡೂ ರನ್‌ವೇಗಳನ್ನು ಪೂರ್ವದಿಂದ ಪಶ್ಚಿಮಕ್ಕೆ ಬಳಸುವಾಗ 27 ಎಂಬ ಸಂಖ್ಯೆಯಿಂದ ಗುರುತಿಸುತ್ತಾರೆ, ಎಡ ಬಲ ಎಂಬ ಭೇದದೊಡನೆ. ರೇಡಿಯೊ ಕ್ರಮದಂತೆ ಅದನ್ನು ಕನ್ನಡದಲ್ಲಿ ‘ಎರಡು ಏಳು’ ಎಂದು ಬರೆದ ಕೂಡಲೇ, ‘ಏಳು’ ಎಂಬುದು ಅಂಕಿಯೂ ಹೌದು, ಮೇಲೇಳು ಎಂಬ ಆಜ್ಞೆಯೂ ಹೌದೆಂಬುದು ಕಣ್ಣಿಗೆ ಹೊಡೆಯಿತು. ನಮ್ಮ ವಿಮಾನ ನಿಲ್ದಾಣಗಳ ರೇಡಿಯೊ ಮಾತು ಇಂಗ್ಲಿಷಿನಲ್ಲೇ ನಡೆಯುವುದರಿಂದ ಇದರಿಂದ ಯಾರಿಗೂ ಅಪಾಯವಿಲ್ಲ. ಆದರೆ ಲೇಖನದಲ್ಲಿ ಸಂಭಾಷಣೆಯನ್ನು ಕನ್ನಡದಲ್ಲಿಯೇ ಕೊಡುತ್ತಿರುವ ನನಗೆ ಇದು ಪ್ರಶ್ನೆಯೇ. ಸಂಭಾಷಣೆಯ ಒಳಗಿನ ಅಂಕಿಗಳನ್ನು ಮಾತ್ರ ‘ಟೂ ಸೆವೆನ್’ ಎಂದು ಇಂಗ್ಲಿಷ್ ಉಚ್ಚಾರದಲ್ಲಿ ಉಳಿಸಬೇಕೇ, ಅಥವಾ ‘ಇಪ್ಪತ್ತೇಳು’ ಎಂದು ಕೂಡಿಸಿ ಬರೆಯಬೇಕೇ? ಹಾಗೆಯೇ ‘ತಡೆಗೆರೆ’, ‘ರನ್‌ವೇ ಮುಂಚಾಚು’ ಇವುಗಳಿಗೆ ನಿಲ್ದಾಣದ ಒಳಗೆ ಕೆಲಸ ಮಾಡುವ ಕನ್ನಡಿಗರು, ಅದರಲ್ಲಿಯೂ ವಿಮಾನಗಳನ್ನು ಎಳೆಯುವ ಟ್ರ್ಯಾಕ್ಟರ್ ಚಾಲಕರು ಮತ್ತು ರನ್‌ವೇ ತಪಾಸಣೆಗೆ ಜೀಪಿನಲ್ಲಿ ಹೋಗುವವರು, ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವಾಗ ಏನೆನ್ನುತ್ತಾರೆಂಬುದು ಬಳಗದಲ್ಲಿ ಯಾರಿಗಾದರೂ ತಿಳಿದಿದ್ದರೆ, ನನ್ನ ಶಬ್ದಗಳನ್ನು ಬಿಟ್ಟು ಅವರ ಶಬ್ದಗಳನ್ನೇ ತೆಗೆದುಕೊಳ್ಳುತ್ತೇನೆ.